ಮೀಸೆ ಬುಡದ ಚುಕ್ಕೆಗಳು: ಆಫ್ರಿಕಾದಲ್ಲಿ ಸಿಂಹಗಳ ಜಾಡು ಹಿಡಿಯುವುದು ಹೇಗೆ?

ಕುರಿ ಕಾಯುವವರನ್ನು ನೋಡಿದ್ದೀರಲ್ವಾ? ಇನ್ನೂರು ಕುರಿಗಳ ಮಂದೆ. ನಮ್ಮ ಕಣ್ಣಿಗೆ ಎಲ್ಲವೂ ಒಂದೇ ಥರ. ಅವರಿಗೆ ಹಾಗಲ್ಲ. ಇದು ಹೋದ ವರ್ಷ ಅವಳಿ ಮರಿ ಹಾಕಿದ್ದು, ಅದು ಸಂತೆಯಲ್ಲಿ ತಂದದ್ದು, ಇದರ ಕಿವಿ ನಾಯಿ ಕಚ್ಚಿ ಹರಿದದ್ದು. ಸಂಜೆ ಮಂದೆ ತಿರುಗಿ ಬಂದಾಗ ಒಂದು ಕಡಿಮೆಯಾಗಿದ್ದರೆ, ಎಣಿಸುವುದಕ್ಕೆ ಮೊದಲೇ ಯಾವುದು ಇಲ್ಲ ಅಂತ ಹೇಳಿಬಿಡುತ್ತಾರೆ.

ಆಫ್ರಿಕಾದಲ್ಲಿ ಸಿಂಹಗಳ ಬೆನ್ನು ಹತ್ತಿರುವವರ ಕೆಲಸ ಶುರುವಾಗುವುದೂ ಇಲ್ಲಿಂದಲೇ. ಎಷ್ಟು ಸಿಂಹ ಇವೆ ಎನ್ನುವುದು ಆಮೇಲಿನ ಪ್ರಶ್ನೆ. ಇದು ಯಾವ ಸಿಂಹ ಎನ್ನುವುದು ಮೊದಲನೆಯದು. ಯಾಕೆಂದರೆ ಸಿಂಹದ ಬದುಕು ಗುಂಪಿನ ಬದುಕು. ಯಾವ ಗಂಡು ಯಾವ ಗುಂಪಿನ ಜೊತೆ ಇದೆ ಅನ್ನುವುದರ ಮೇಲೆ ಆ ಗುಂಪಿನ ಮರಿಗಳು ಉಳಿಯುತ್ತವೋ ಇಲ್ಲವೋ ಗೊತ್ತಾಗುತ್ತದೆ. ಒಂದು ಗಂಡು ಸಿಂಹ ಸತ್ತರೆ ಲೆಕ್ಕದಲ್ಲಿ ಒಂದೇ ಕಡಿಮೆಯಾಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಅದರ ಹಿಂದೆಯೇ ಒಂದಿಡೀ ತಲೆಮಾರು ಹೋಗುತ್ತದೆ. ಇದನ್ನು ನಾವು ತಿಳಿದದ್ದು ಹೇಗೆ ಅಂತ ಹೇಳುವುದಕ್ಕೇ ಈ ಬರಹ.

ಹುಲಿಗಾದರೆ ಪಟ್ಟೆ ಇದೆ. ಚಿರತೆಗೆ ಚುಕ್ಕೆ ಇದೆ. ಸಿಂಹದ ಮೈ ಒಣಹುಲ್ಲಿನ ಬಣ್ಣದ್ದು, ಅದರಲ್ಲಿ ಗುರುತು ಹಿಡಿಯುವಂಥದ್ದು ಏನೂ ಇಲ್ಲ. ಕಿವಿ ಹರಿದಿರಬಹುದು, ಮೂತಿಯ ಮೇಲೆ ಗಾಯದ ಗೆರೆ ಇರಬಹುದು. ಆದರೆ ಗಾಯ ಹೊಸದಾಗಿ ಆಗುತ್ತದೆ, ಹಳೆಯದು ಮಾಯುತ್ತದೆ. ಹುಟ್ಟಿನಿಂದ ಸಾಯುವ ತನಕ ಬದಲಾಗದ ಗುರುತು ಬೇಕು. ಅದು ಸಿಕ್ಕಿದ್ದು ಮೀಸೆಯ ಹತ್ತಿರ.

ಸಿಂಹದ ಮೂತಿಯನ್ನು ಪಕ್ಕದಿಂದ, ಒಂದು ಒಳ್ಳೆಯ ಫೋಟೋದಲ್ಲಿ ನೋಡಿ. ಮೀಸೆಯ ಕೂದಲು ಸಾಲುಸಾಲಾಗಿ ಹೊರಟಿರುತ್ತದೆ. ಪ್ರತಿ ಕೂದಲಿನ ಬುಡದಲ್ಲಿ ಒಂದು ಕಪ್ಪು ಚುಕ್ಕೆ. ಈ ಪೂರ್ತಿ ಸಾಲುಗಳ ಮೇಲೆ ಇನ್ನೊಂದು ಚಿಕ್ಕ ಸಾಲು ಇರುತ್ತದೆ, ಅದರಲ್ಲಿ ಬಿಡಿಬಿಡಿಯಾಗಿ ಕೆಲವೇ ಚುಕ್ಕೆ. ಆ ಮೇಲಿನ ಚುಕ್ಕೆಗಳು ಕೆಳಗಿನ ಸಾಲಿನ ಎಷ್ಟನೆಯ ಚುಕ್ಕೆಯ ನೇರಕ್ಕೆ ಕೂತಿವೆ, ಅಥವಾ ಯಾವ ಎರಡರ ನಡುವೆ ಕೂತಿವೆ, ಇದು ಒಂದೊಂದು ಸಿಂಹಕ್ಕೆ ಒಂದೊಂದು ಥರ. ಎಡಗೆನ್ನೆಗೂ ಬಲಗೆನ್ನೆಗೂ ಬೇರೆ. ನಮ್ಮ ಹೆಬ್ಬೆಟ್ಟಿನ ಗುರುತು ಇದ್ದ ಹಾಗೆ. ನೈರೋಬಿ ನಗರದ ಅಂಚಿನಲ್ಲೇ ಇರುವ ರಾಷ್ಟ್ರೀಯ ಉದ್ಯಾನದಲ್ಲಿ ಸಿಂಹಗಳನ್ನು ನೋಡುತ್ತಿದ್ದ ಜೂಡಿತ್ ರುಡ್ನಾಯ್ ಮತ್ತು ಅವರ ಜೊತೆಗಾರ ಪೆನಿಕ್ವಿಕ್ 1970ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ಇವತ್ತಿಗೂ ಕೆಲಸ ನಡೆಯುವುದು ಇದರ ಮೇಲೆಯೇ.

ಟಾಂಜಾನಿಯಾದ ಸೆರೆಂಗೆಟಿಯಲ್ಲಿ ಒಂದೊಂದು ಸಿಂಹಕ್ಕೂ ಒಂದು ಕಾರ್ಡ್ ಮಾಡಿದರು. ಕಾರ್ಡಿನ ಮೇಲೆ ಸಿಂಹದ ಮುಖದ ಬರೀ ಗೆರೆಚಿತ್ರ. ನೋಡಿದವರು ಅದರಲ್ಲಿ ಮೀಸೆ ಚುಕ್ಕೆ, ಕಿವಿಯ ಕಚ್ಚು, ಗಾಯ ಎಲ್ಲವನ್ನೂ ಕೈಯಲ್ಲೇ ತುಂಬುತ್ತಾರೆ. ಅಲ್ಲಿ 1966ರಲ್ಲಿ ವಿಜ್ಞಾನಿ ಜಾರ್ಜ್ ಶಾಲರ್ ಶುರು ಮಾಡಿದ ಅಧ್ಯಯನ ಕೈಯಿಂದ ಕೈಗೆ ದಾಟಿ, 1978ರಲ್ಲಿ ಕ್ರೇಗ್ ಪ್ಯಾಕರ್ ಮತ್ತು ಆ್ಯನ್ ಪ್ಯೂಸಿ ಅವರಿಗೆ ಬಂತು. ದಶಕಗಳ ಕಾಲ ಒಂದೇ ಜಾಗದ ಸಿಂಹಗಳ ವಂಶಾವಳಿ ಬರೆದಿಟ್ಟಿರುವುದು ಸಣ್ಣ ಮಾತಲ್ಲ. ಇದು ಇಂಥ ತಾಯಿಯ ಮಗಳು, ಇದರ ಅಜ್ಜಿ ಇಂಥದ್ದು ಅಂತ ಹೇಳಬಲ್ಲಷ್ಟು.

ವಯಸ್ಸು ಹೇಳುವುದಕ್ಕೆ ಮೂಗು ಇದೆ. ಮರಿಯ ಮೂಗು ಗುಲಾಬಿ ಬಣ್ಣ. ವರ್ಷ ಕಳೆದಂತೆ ಅದರಲ್ಲಿ ಕಪ್ಪು ಚುಕ್ಕೆಗಳು ಮೂಡುತ್ತಾ ಹೋಗುತ್ತವೆ. ಐದಾರು ವರ್ಷಕ್ಕೆ ಹತ್ತಿರಹತ್ತಿರ ಅರ್ಧ ಮೂಗು ಕಪ್ಪಾಗಿರುತ್ತದೆ.

ಮುಖ ಪರಿಚಯವಾಯಿತು. ಈಗ ಗುಂಪು ಅಂದರೆ ಏನು ಅಂತ ನೋಡೋಣ. ಟಿವಿಯಲ್ಲಿ ನೋಡಿ ನೋಡಿ ನಮಗೆ ಒಂದು ಚಿತ್ರ ಕೂತುಬಿಟ್ಟಿದೆ: ಮಧ್ಯದಲ್ಲಿ ದೊಡ್ಡ ಕೇಸರದ ಗಂಡು, ಸುತ್ತ ಅದರ ಹೆಂಡತಿಯರು, ಮಕ್ಕಳು. ನಿಜ ಸ್ಥಿತಿ ಬೇರೆ. ಗುಂಪು ಹೆಣ್ಣುಗಳದ್ದು. ಅಜ್ಜಿ, ತಾಯಿ, ಚಿಕ್ಕಮ್ಮ, ಮಗಳು, ಅಕ್ಕತಂಗಿಯರು. ತಲೆಮಾರುಗಳಿಂದ ಅದೇ ಜಾಗ, ಅದೇ ನೀರು, ಅದೇ ಬಂಡೆಗುಡ್ಡ ಅವರದ್ದು. ಹೆಣ್ಣುಮರಿಗಳು ದೊಡ್ಡವಾದ ಮೇಲೂ ಬಹುಮಟ್ಟಿಗೆ ತವರಿನಲ್ಲೇ ಉಳಿಯುತ್ತವೆ. ಗಂಡುಮರಿಗಳು ಎರಡು ಮೂರು ವರ್ಷಕ್ಕೆ ಮನೆ ಬಿಡಬೇಕು. ಹೊರಗಿನಿಂದ ಬಂದ ಗಂಡುಗಳು ಕೆಲವು ವರ್ಷ ಇದ್ದು, ಬೇರೆಯವರು ಓಡಿಸಿದಾಗ ಹೋಗುತ್ತವೆ. ಅವು ಅಲ್ಲಿಗೆ ಬಂದು ಹೋಗುವವರು. ಹೆಣ್ಣುಗಳು ಆ ಮಣ್ಣಿನವರು.

ಈ ಹೆಣ್ಣುಗಳು ಸದಾ ಒಟ್ಟಿಗೇ ಇರುತ್ತವೆಯೇ ಅಂದರೆ ಅದೂ ಇಲ್ಲ. ಹನ್ನೆರಡು ಸಿಂಹಗಳ ಗುಂಪಿನಲ್ಲಿ ಇವತ್ತು ಮೂರು ಒಂದು ಕಡೆ, ನಾಲ್ಕು ಇನ್ನೊಂದು ಕಡೆ. ಒಂದು ತಾಯಿ ಮರಿ ಹಾಕಲು ಎಲ್ಲೋ ಪೊದೆಯಲ್ಲಿ ಅಡಗಿದೆ. ಹುಟ್ಟಿದ ಮರಿಗಳನ್ನು ಮೊದಲ ಆರೇಳು ವಾರ ತಾಯಿ ತನ್ನ ಗುಂಪಿಗೂ ತೋರಿಸುವುದಿಲ್ಲ. ನಾಳೆ ಕಾಡೆಮ್ಮೆ ಬಿದ್ದರೆ ಎಲ್ಲರೂ ಸೇರುತ್ತಾರೆ. ಹಾಗಾಗಿ ಒಂದು ದಿನ ಹೋಗಿ ಐದು ಸಿಂಹ ನೋಡಿ 'ಇದು ಐದರ ಗುಂಪು' ಅಂದರೆ ತಪ್ಪು. ತಿಂಗಳುಗಟ್ಟಲೆ ನೋಡಬೇಕು. ಯಾರು ಯಾರ ಪಕ್ಕ ಮಲಗಿದರು, ಯಾರು ಯಾರನ್ನು ನೆಕ್ಕಿದರು, ಯಾರು ಬಂದರೆ ಯಾರೂ ಗುರ್ ಅನ್ನಲಿಲ್ಲ, ಇದನ್ನೆಲ್ಲ ಬರೆದುಕೊಳ್ಳುತ್ತಾ ಹೋದರೆ ಗುಂಪು ತಾನಾಗಿ ಕಾಣುತ್ತದೆ.

ಆದರೆ ಸಿಂಹ ಸಿಗಬೇಕಲ್ಲ. ಸೆರೆಂಗೆಟಿ ಉದ್ಯಾನವೇ 14,763 ಚದರ ಕಿ.ಮೀ. ಸಿಂಹ ದಿನದ ಹೆಚ್ಚಿನ ಹೊತ್ತು ನೆರಳಿನಲ್ಲಿ ಮಲಗಿರುತ್ತದೆ. ಮೊಣಕಾಲೆತ್ತರದ ಹುಲ್ಲಿನಲ್ಲಿ ತಲೆ ಕೆಳಗಿಟ್ಟರೆ ಹತ್ತು ಮಾರು ದೂರದಿಂದಲೂ ಕಾಣದು.

ಇದಕ್ಕೆ ರೇಡಿಯೋ ಕಾಲರ್, ಅಂದರೆ ರೇಡಿಯೋ ಅಲೆ ಬಿಡುವ ಕುತ್ತಿಗೆ ಪಟ್ಟಿ. ಸೆರೆಂಗೆಟಿಯಲ್ಲಿ 1984ರಿಂದ ಇದನ್ನು ಬಳಸುತ್ತಿದ್ದಾರೆ. ಗುಂಪಿಗೆ ಒಂದೇ ಕಾಲರ್ ಸಾಕು, ಅದೂ ಹೆಣ್ಣಿಗೆ. ಯಾಕೆ ಅಂತ ಈಗ ನಿಮಗೇ ಗೊತ್ತಾಗಿರಬೇಕು: ಹೆಣ್ಣು ಊರು ಬಿಡುವುದಿಲ್ಲ. ಅವಳು ಸಿಕ್ಕರೆ ಉಳಿದವರೂ ಇವತ್ತಲ್ಲ ನಾಳೆ ಸಿಗುತ್ತಾರೆ. ಇನ್ನೊಂದು ಕಾರಣವೂ ಇದೆ. ಬೆಳೆಯುವ ಗಂಡಿನ ಕುತ್ತಿಗೆ ದಪ್ಪವಾಗುತ್ತಾ ಹೋಗುತ್ತದೆ. ಇವತ್ತು ಸರಿಯಾಗಿರುವ ಪಟ್ಟಿ ಮುಂದಿನ ವರ್ಷ ಬಿಗಿಯಾದರೆ ಅದೇ ಪ್ರಾಣಕ್ಕೆ ಕುತ್ತು. ಅದಕ್ಕೇ ಎಳೆ ಗಂಡುಗಳಿಗೆ ಹಾಕುವ ಮುಂಚೆ ಹತ್ತು ಸಲ ಯೋಚಿಸುತ್ತಾರೆ.

ಕಾಲರ್ ಹಾಕುವ ದಿನ ಗಾಡಿಯಿಂದಲೇ ಅರಿವಳಿಕೆಯ ಡಾರ್ಟ್ ಹೊಡೆಯುತ್ತಾರೆ. ಸಿಂಹ ಮಲಗಿದರೂ ಕಣ್ಣು ತೆರೆದೇ ಇರುತ್ತದೆ, ರೆಪ್ಪೆ ಬಡಿಯುವುದಿಲ್ಲ. ಕಣ್ಣು ಒಣಗದ ಹಾಗೆ ಮುಲಾಮು ಹಾಕಿ, ಬಟ್ಟೆ ಕಟ್ಟುತ್ತಾರೆ. ಉಸಿರು, ಮೈ ಬಿಸಿ ನೋಡುತ್ತಾ ಇರುತ್ತಾರೆ. ರಕ್ತ ತೆಗೆದು, ಹಲ್ಲು ನೋಡಿ, ಪಟ್ಟಿ ಕಟ್ಟಿ, ಕುತ್ತಿಗೆಗೂ ಪಟ್ಟಿಗೂ ನಡುವೆ ಬೆರಳು ಆಡುತ್ತದೆಯೇ ನೋಡುತ್ತಾರೆ. ಆಮೇಲೆ ಗಾಡಿಗೆ ಹತ್ತಿ, ಅದು ಎದ್ದು ನಡೆಯುವ ತನಕ ಕಾಯುತ್ತಾರೆ. ಬಿಟ್ಟು ಹೋಗುವ ಹಾಗಿಲ್ಲ, ತೂಕಡಿಸುವ ಸಿಂಹವನ್ನು ಕತ್ತೆಕಿರುಬ ಬಿಡುವುದಿಲ್ಲ.

ಹಳೆಯ ಕಾಲರ್ ಬರೀ ಟಿಕ್ ಟಿಕ್ ಅಂತ ರೇಡಿಯೋ ಅಲೆ ಬಿಡುತ್ತದೆ. ಆ್ಯಂಟೆನಾ ಹಿಡಿದು ಗಾಡಿಯ ಮೇಲೆ, ಇಲ್ಲವೇ ಬಂಡೆಯ ಮೇಲೆ ನಿಂತು ನಿಧಾನಕ್ಕೆ ತಿರುಗಬೇಕು. ಸದ್ದು ಎತ್ತ ಜೋರಾಯಿತೋ ಅತ್ತ ಹೊರಡಬೇಕು. ಹೊಸ ಜಿಪಿಎಸ್ ಕಾಲರ್ ಉಪಗ್ರಹದ ಮೂಲಕ ಗಂಟೆಗಂಟೆಗೆ ತನ್ನ ಜಾಗ ಹೇಳುತ್ತದೆ. ಅನುಕೂಲ ನಿಜ. ಆದರೆ ಜಿಪಿಎಸ್ ಹೇಳುವುದು ಸಿಂಹ ಎಲ್ಲಿದೆ ಅಂತ ಮಾತ್ರ. ಅದರ ಪಕ್ಕ ಯಾರು ಮಲಗಿದ್ದಾರೆ, ಮರಿ ಎಷ್ಟು ಉಳಿದಿವೆ ಅನ್ನುವುದಕ್ಕೆ ಈಗಲೂ ಹೋಗಿ ನೋಡಲೇಬೇಕು.

ಉಪಗ್ರಹಕ್ಕಿಂತ ಎಷ್ಟೋ ಹಳೆಯ ವಿದ್ಯೆ ಒಂದಿದೆ, ಹೆಜ್ಜೆ ಗುರುತಿನದು. ಸಿಂಹ ನಡೆಯುವಾಗ ಉಗುರು ಒಳಗೆ ಎಳೆದುಕೊಂಡಿರುತ್ತದೆ, ಹಾಗಾಗಿ ಗುರುತಿನಲ್ಲಿ ಉಗುರು ಮೂಡದು. ಕತ್ತೆಕಿರುಬದ ಗುರುತಿನಲ್ಲಿ ಮೂಡುತ್ತದೆ. ಇಷ್ಟು ಯಾರಿಗೂ ಹೇಳಿಕೊಡಬಹುದು. ಆದರೆ ನಮೀಬಿಯಾದ ಜುಹೋವಾನ್ ಜನರ ವಿದ್ಯೆ ಬೇರೆಯೇ ಮಟ್ಟದ್ದು. ಫ್ಲಿಪ್ ಸ್ಟ್ಯಾಂಡರ್ ಎಂಬ ವಿಜ್ಞಾನಿ ತಾವು ಕಣ್ಣಾರೆ ಕಂಡ ಪ್ರಾಣಿಗಳ ಹೆಜ್ಜೆ ತೋರಿಸಿ ಅವರನ್ನು ಪರೀಕ್ಷಿಸಿದರು. ಯಾವ ಪ್ರಾಣಿ, ಗಂಡೋ ಹೆಣ್ಣೋ, ವಯಸ್ಸೆಷ್ಟು, ಏನು ಮಾಡುತ್ತಿತ್ತು? ನೂರಕ್ಕೆ 98 ಸಲ ಅವರ ಮಾತು ಸರಿ ಇತ್ತು. 1997ರಲ್ಲಿ ಇದು ವಿಜ್ಞಾನ ಪತ್ರಿಕೆಯಲ್ಲಿ ಬಂತು. ಮಣ್ಣಿನ ಓದು ಕೂಡ ಓದೇ ಅನ್ನುವುದಕ್ಕೆ ಅವರ ಮಾತಿನಷ್ಟೇ ತೂಕದ ಅಂಕಿ ಸಿಕ್ಕಿತು ಅಂತ ನನಗೆ ತುಂಬಾ ಖುಷಿ.

ಈಗ ಗಂಡುಗಳ ವಿಚಾರಕ್ಕೆ ಬರೋಣ. ಇಲ್ಲೇ ಕಥೆ ಬಿಗಿಯಾಗುವುದು.

ಮನೆ ಬಿಟ್ಟ ಗಂಡು ಒಂಟಿಯಾಗಿ ಬದುಕುವುದು ಕಷ್ಟ. ಒಂಟಿ ಗಂಡಿಗೆ ಒಂದು ಗುಂಪು ಸಿಗುವುದು ಅಪರೂಪ, ಸಿಕ್ಕರೂ ನಿಲ್ಲದು. ಹಾಗಾಗಿ ಎರಡು, ಮೂರು, ಕೆಲವೊಮ್ಮೆ ಆರು, ಏಳು ಗಂಡುಗಳು ಜೊತೆಗೂಡುತ್ತವೆ. ಇದನ್ನು ನಾವು ಕೂಟ ಅನ್ನೋಣ. ಒಟ್ಟಿಗೆ ಅಲೆಯುತ್ತವೆ, ಒಟ್ಟಿಗೆ ತಿನ್ನುತ್ತವೆ, ಒಟ್ಟಿಗೆ ಗರ್ಜಿಸುತ್ತವೆ. ನಾಲ್ಕೈದು ವರ್ಷ ವಯಸ್ಸಾಗಿ ಮೈ ತುಂಬಿದಾಗ ಒಂದು ಗುಂಪಿನ ಮೇಲೆ ಏರಿ ಹೋಗುತ್ತವೆ. ಅಲ್ಲಿನ ಹಳೆಯ ಗಂಡುಗಳನ್ನು ಓಡಿಸಿದರೆ ಗುಂಪು ಇವರ ಕೈಗೆ.

ಅಣ್ಣತಮ್ಮಂದಿರು ಜೊತೆಗೂಡುವುದು ಸಹಜ. ಆದರೆ ಪ್ಯಾಕರ್ ತಂಡ 1991ರಲ್ಲಿ ಡಿಎನ್ಎ ಪರೀಕ್ಷೆ ಮಾಡಿ ನೋಡಿದಾಗ ಒಂದು ಹೊಸ ವಿಷಯ ತಿಳಿಯಿತು. ನಾಲ್ಕು ಅಥವಾ ಅದಕ್ಕಿಂತ ದೊಡ್ಡ ಕೂಟಗಳಲ್ಲಿ ಎಲ್ಲರೂ ಒಂದೇ ರಕ್ತದವರು. ಎರಡು ಮೂರರ ಚಿಕ್ಕ ಕೂಟಗಳಲ್ಲಿ ಮಾತ್ರ ಯಾವ ಸಂಬಂಧವೂ ಇಲ್ಲದವರು ಸೇರಿಕೊಂಡಿದ್ದರು. ಯಾಕೆ ಹೀಗೆ? ಎರಡೇ ಇದ್ದರೆ ಇಬ್ಬರಿಗೂ ಮರಿಗಳ ತಂದೆಯಾಗುವ ಅವಕಾಶ ಇರುತ್ತದೆ. ಆರು ಇದ್ದಾಗ ಒಂದೆರಡೇ ಹೆಚ್ಚು ಮರಿಗಳಿಗೆ ತಂದೆಯಾಗುತ್ತವೆ, ಉಳಿದವು ಬರೀ ಕಾವಲಿಗೆ. ಅಣ್ಣನ ಮಕ್ಕಳಿಗಾದರೆ ಕಾವಲು ನಿಂತರೂ ಮನೆತನ ಬೆಳೆಯುತ್ತದೆ. ಯಾರದ್ದೋ ಮಕ್ಕಳಿಗೆ ಪ್ರಾಣ ಕೊಟ್ಟರೆ ಏನು ಉಳಿಯಿತು?

ಹೊಸ ಕೂಟ ಗೆದ್ದು ಬಂದಾಗ ಮೊದಲು ಸಾಯುವುದು ಮರಿಗಳು. ಹೊಸ ಗಂಡುಗಳು ಹಳೆಯವರ ಮರಿಗಳನ್ನು ಕೊಲ್ಲುತ್ತವೆ. ಕೇಳಲು ಕಷ್ಟ, ನೋಡಲು ಇನ್ನೂ ಕಷ್ಟ. ಆದರೆ ಇದಕ್ಕೆ ಕಾರಣ ಇದೆ. ಮರಿ ಇರುವ ತಾಯಿ ಮತ್ತೆ ಮರಿ ಹಾಕುವುದು ಸುಮಾರು ಎರಡು ವರ್ಷದ ನಂತರ. ಮರಿ ಸತ್ತರೆ ಬೇಗ ಬೆದೆಗೆ ಬರುತ್ತಾಳೆ. ಹೊಸ ಗಂಡುಗಳಿಗೆ ಸಿಗುವ ಕಾಲವೇ ಸಾಮಾನ್ಯವಾಗಿ ಎರಡು ಮೂರು ವರ್ಷ. ಅಷ್ಟರಲ್ಲಿ ತಮ್ಮ ಮರಿ ಹುಟ್ಟಿ, ಬೆಳೆದು, ಓಡುವಷ್ಟು ಆಗಬೇಕು. ಸೆರೆಂಗೆಟಿಯಲ್ಲಿ ಮೊದಲ ವರ್ಷದಲ್ಲೇ ಸಾಯುವ ಮರಿಗಳಲ್ಲಿ ಸುಮಾರು ಕಾಲು ಭಾಗ ಸಾಯುವುದು ಹೀಗೇ.

ತಾಯಂದಿರು ಸುಮ್ನೆ ಕೂರುವುದಿಲ್ಲ. ಗುಂಪಿನ ಹೆಣ್ಣುಗಳು ಒಟ್ಟಾಗಿ ಎದುರಿಸುತ್ತವೆ, ಹಾಗೆ ಎದುರಿಸಿ ಸತ್ತದ್ದೂ ಇದೆ. ಕರೆನ್ ಮೆಕೋಂಬ್ ಮತ್ತು ಜೊತೆಗಾರರು ಮಾಡಿದ ಒಂದು ಪ್ರಯೋಗ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ಸೆರೆಂಗೆಟಿಯಲ್ಲಿ ಹುಲ್ಲಿನ ಮರೆಯಲ್ಲಿ ದೊಡ್ಡ ಸ್ಪೀಕರ್ ಇಟ್ಟು, ರೆಕಾರ್ಡ್ ಮಾಡಿದ ಗರ್ಜನೆ ಹಾಕಿದರು. ಮರಿಗಳ ಜೊತೆ ಮಲಗಿದ್ದ ತಾಯಂದಿರು ತಮ್ಮ ಗುಂಪಿನ ಗಂಡುಗಳ ದನಿ ಕೇಳಿದಾಗ ತಲೆಯೆತ್ತಿ ನೋಡಿ ಹಾಗೇ ಇದ್ದರು. ಗುರುತಿಲ್ಲದ ಗಂಡಿನ ದನಿ ಬಂತೋ, ಮರಿಗಳನ್ನು ಕರೆದುಕೊಂಡು ಹೊರಟೇಬಿಟ್ಟರು. ಕತ್ತಲಲ್ಲಿ, ಮುಖ ನೋಡದೆ, ಬರೀ ದನಿಯಿಂದ ಇವರು ನಮ್ಮವರು, ಇವರಲ್ಲ ಅಂತ ಅವರಿಗೆ ಗೊತ್ತು.

ಇನ್ನೊಂದು ಪ್ರಯೋಗದಲ್ಲಿ ಅಪರಿಚಿತ ಹೆಣ್ಣುಗಳ ಗರ್ಜನೆ ಹಾಕಿದರು, ಒಮ್ಮೆ ಒಂದೇ ದನಿ, ಒಮ್ಮೆ ಮೂರು. ಒಂದೇ ದನಿ ಆದರೆ ಗುಂಪಿನ ಹೆಣ್ಣುಗಳು ಸ್ಪೀಕರಿನ ಕಡೆ ಬೇಗ ನಡೆದವು. ಮೂರಾದರೆ ತಡೆದು, ತಮ್ಮ ಕಡೆ ಎಷ್ಟು ಮಂದಿ ಇದ್ದಾರೆ ನೋಡಿ ಹೆಜ್ಜೆ ಇಟ್ಟವು. ಅಂದರೆ ಎಣಿಸುತ್ತವೆ. ಗರ್ಜನೆ ಅಂದರೆ ಸಿಂಹಗಳ ಲೋಕದಲ್ಲಿ ಹಾಜರಿ ಕೂಗಿದ ಹಾಗೆ. ನಾವು ಇಷ್ಟು ಜನ, ಇಲ್ಲಿದ್ದೇವೆ. ರಾತ್ರಿ ಗಾಳಿ ಅನುಕೂಲವಿದ್ದರೆ ಇದು ಎಂಟು ಕಿ.ಮೀ. ದೂರಕ್ಕೂ ಕೇಳುತ್ತದೆ. ಜಾಡು ಹಿಡಿಯುವವರೂ ಇದನ್ನೇ ನಂಬಿ ಬೆಳಗಿನ ಜಾವ ಎದ್ದು ಕಿವಿಗೊಟ್ಟು ಕೂರುತ್ತಾರೆ.

ಕೇಸರವೂ ಒಂದು ಸುದ್ದಿಯೇ. ಪೇಟನ್ ವೆಸ್ಟ್ ಮತ್ತು ಪ್ಯಾಕರ್ ನಿಜ ಗಾತ್ರದ ಬೊಂಬೆ ಸಿಂಹಗಳನ್ನು ಮಾಡಿಸಿ, ತಿಳಿ ಬಣ್ಣದ ಮತ್ತು ಕಪ್ಪು ಬಣ್ಣದ ಕೇಸರ ತೊಡಿಸಿ ಬಯಲಲ್ಲಿ ನಿಲ್ಲಿಸಿದರು. ಹೆಣ್ಣುಗಳು ಬಹುತೇಕ ಕಪ್ಪು ಕೇಸರದ ಬೊಂಬೆಯ ಕಡೆ ಹೋದವು. ಗಂಡುಗಳು ಅದನ್ನು ತಪ್ಪಿಸಿ ತಿಳಿ ಬಣ್ಣದ್ದರ ಕಡೆ ಹೋದವು. ಕಪ್ಪು ಕೇಸರ ಅಂದರೆ ಚೆನ್ನಾಗಿ ಉಂಡ, ಗಟ್ಟಿಮುಟ್ಟಾದ ಗಂಡು ಅಂತ. 2002ರಲ್ಲಿ ಇದು ಪ್ರಕಟವಾಯಿತು. ಆದರೆ ಕಪ್ಪು ಕೇಸರಕ್ಕೆ ಬಿಸಿಲು ಜಾಸ್ತಿ ತಾಗುತ್ತದೆ, ಅದು ಅದರ ಬೆಲೆ.

ದಕ್ಷಿಣ ಆಫ್ರಿಕಾದ ಸಾಬಿ ಸ್ಯಾಂಡ್ ಕಾಡಿನ ಮಪೋಗೋ ಕೂಟದ ವಿಡಿಯೋಗಳನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಆರು ಗಂಡುಗಳು. ಸಾಬಿ ಸ್ಯಾಂಡ್ ಖಾಸಗಿ ಅಭಯಾರಣ್ಯ, ಪಕ್ಕದ ಕ್ರೂಗರ್ ರಾಷ್ಟ್ರೀಯ ಉದ್ಯಾನಕ್ಕೂ ಇದಕ್ಕೂ ನಡುವೆ ಇದ್ದ ಬೇಲಿ 1993ರಲ್ಲಿ ಹೋಯಿತು. ಸಿಂಹಗಳು ಅತ್ತಿತ್ತ ಓಡಾಡುತ್ತವೆ. ಇಲ್ಲಿನ ಜಾಡು ಹಿಡಿಯುವ ಪದ್ಧತಿ ಸೆರೆಂಗೆಟಿಯ ಹಾಗಲ್ಲ. ದಿನಾ ಎರಡು ಹೊತ್ತು ಸಫಾರಿ ಗಾಡಿಗಳು ಹೊರಡುತ್ತವೆ. ಬಾನೆಟ್ಟಿನ ಮೇಲಿನ ಸೀಟಿನಲ್ಲಿ ಕೂತ, ಅಲ್ಲಿನ ಶಂಗಾನ್ ಜನಾಂಗದ ಜಾಡುಗಾರ ರಸ್ತೆಯ ಧೂಳು ಓದುತ್ತಾನೆ. ಸಿಂಹ ಕಂಡರೆ ವೈರ್‌ಲೆಸ್‌ನಲ್ಲಿ ಬೇರೆ ಗಾಡಿಗಳಿಗೆ ಸುದ್ದಿ. ಸಂಜೆ ಡೈರಿಯಲ್ಲಿ ಒಂದು ಸಾಲು. ಹೀಗೆ ವರ್ಷಗಟ್ಟಲೆ ದಿನವಹಿ ಬರೆದಿಟ್ಟದ್ದರಿಂದಲೇ ಮಪೋಗೋಗಳ ಏಳುಬೀಳು ನಮಗೆ ಇಷ್ಟು ವಿವರವಾಗಿ ಗೊತ್ತು.

ಆರೂ ಒಟ್ಟಿಗಿದ್ದಾಗ ಅವುಗಳನ್ನು ಎದುರಿಸುವವರೇ ಇರಲಿಲ್ಲ. ಒಂದಾದ ಮೇಲೊಂದು ಗುಂಪು ಹಿಡಿದವು, ಲೆಕ್ಕವಿಲ್ಲದಷ್ಟು ಸಿಂಹಗಳನ್ನು ಕೊಂದವು. ಆಮೇಲೆ ಕೂಟ ಒಡೆಯಿತು. ನಾಲ್ಕು ಪಶ್ಚಿಮದಲ್ಲಿ ಉಳಿದವು, ಎರಡು ಪೂರ್ವಕ್ಕೆ ಹೋದವು. 2010ರಲ್ಲಿ ಮಜಿಂಗಿಲಾನೆ ಎಂಬ ಹೊಸ ಕೂಟ ಬಂದಾಗ ಪೂರ್ವದಲ್ಲಿದ್ದ ಎರಡರಲ್ಲಿ ಒಂದು, ಕಿಂಕಿ ಟೇಲ್, ಅವರ ಕೈಯಲ್ಲಿ ಸತ್ತಿತು. ಅದರ ಜೊತೆಗಾರ ಮಿಸ್ಟರ್ ಟಿ 2012ರಲ್ಲಿ ಇನ್ನೊಂದು ಕೂಟಕ್ಕೆ ಬಲಿಯಾಯಿತು. ಮಪೋಗೋ ಬಗ್ಗೆ ಮಾತಾಡುವವರು ಹೆಚ್ಚಾಗಿ ಅವುಗಳ ಕ್ರೌರ್ಯದ ಬಗ್ಗೆ ಮಾತಾಡುತ್ತಾರೆ. ನನಗೆ ಕಾಣುವುದು ಬೇರೆ. ಬಲ ಇದ್ದದ್ದು ಆರು ಎಂಬ ಸಂಖ್ಯೆಯಲ್ಲಿ. ಕೂಟ ಒಡೆದ ಮೇಲೆ ಅದೇ ಸಿಂಹಗಳು, ಅದೇ ಹಲ್ಲು, ಅದೇ ಉಗುರು ಇದ್ದರೂ ನಿಲ್ಲಲಾಗಲಿಲ್ಲ.

ಕೂಟದಿಂದ ಒಂದನ್ನು ಮನುಷ್ಯ ತೆಗೆದರೆ? ಜಿಂಬಾಬ್ವೆಯ ಹ್ವಾಂಗೆ ಉದ್ಯಾನದಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ತಂಡ 1999ರಿಂದ ಸಿಂಹಗಳಿಗೆ ಕಾಲರ್ ಹಾಕಿ ನೋಡುತ್ತಿದೆ. ಉದ್ಯಾನದ ಗಡಿಯಾಚೆ ಹಣ ಕೊಟ್ಟು ಬೇಟೆಯಾಡುವ ಜಾಗಗಳಿವೆ. ಆ್ಯಂಡ್ರೂ ಲವರಿಜ್ ಮತ್ತು ಜೊತೆಗಾರರು 2007ರಲ್ಲಿ ಹೇಳಿದ ಲೆಕ್ಕ ಎದೆ ನಡುಗಿಸುವಂಥದ್ದು: ಗುರುತು ಹಾಕಿದ್ದ ವಯಸ್ಕ ಗಂಡುಗಳಲ್ಲಿ ನೂರಕ್ಕೆ 72 ಬೇಟೆಗಾರರ ಗುಂಡಿಗೆ ಬಿದ್ದಿದ್ದವು. ಒಳಗಿನ ಗಂಡು ಗಡಿಗೆ ಬಂದು ಸಾಯುತ್ತದೆ, ಖಾಲಿಯಾದ ಜಾಗಕ್ಕೆ ಇನ್ನೂ ಒಳಗಿನ ಗಂಡು ಬರುತ್ತದೆ, ಅದೂ ಸಾಯುತ್ತದೆ. ಬಂದ ಪ್ರತಿ ಹೊಸ ಗಂಡೂ ಮರಿಗಳನ್ನು ಕೊಲ್ಲುತ್ತದೆ. ಕಾಲರ್ ಇಲ್ಲದಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ. ಕಾಡಿನೊಳಗೆ ಮರಿ ಕಾಣೆಯಾದದ್ದಕ್ಕೂ ಗಡಿಯಾಚೆಯ ಗುಂಡಿಗೂ ಯಾರು ಗಂಟು ಹಾಕುತ್ತಿದ್ದರು?

2015ರ ಜುಲೈನಲ್ಲಿ ಅಲ್ಲೇ ಸೆಸಿಲ್ ಸತ್ತದ್ದು. ಕುತ್ತಿಗೆಯಲ್ಲಿ ಕಾಲರ್ ಇದ್ದ, ಕಪ್ಪು ಕೇಸರದ, ಹದಿಮೂರರ ಆಸುಪಾಸಿನ ಗಂಡು. ಅಮೆರಿಕದ ಬೇಟೆಗಾರನೊಬ್ಬ ಬಿಲ್ಲುಬಾಣದಿಂದ ಹೊಡೆದ ಸುದ್ದಿ ಲೋಕವೆಲ್ಲ ಹರಡಿತು. ಹೆಚ್ಚು ಜನಕ್ಕೆ ಗೊತ್ತಿಲ್ಲದ ಸಂಗತಿ ಜೆರಿಕೋದ್ದು. ಜೆರಿಕೋ ಸೆಸಿಲ್‌ನ ಕೂಟದ ಜೊತೆಗಾರ, ರಕ್ತಸಂಬಂಧ ಇರಲಿಲ್ಲ. ಒಂಟಿಯಾದ ಜೆರಿಕೋವನ್ನು ಯಾರಾದರೂ ಓಡಿಸುತ್ತಾರೆ, ಸೆಸಿಲ್‌ನ ಮರಿಗಳು ಮುಗಿದವು ಅಂತ ಎಲ್ಲರೂ ಅಂದುಕೊಂಡರು. ಜೆರಿಕೋ ನಿಂತಿತು. ಮರಿಗಳನ್ನು ಮುಟ್ಟಲಿಲ್ಲ, ಬೇರೆಯವರಿಗೆ ಮುಟ್ಟಲೂ ಬಿಡಲಿಲ್ಲ. ಮರುವರ್ಷ ಜೆರಿಕೋ ಸಾಯುವ ಹೊತ್ತಿಗೆ ಆ ಮರಿಗಳು ಗಂಡಾಂತರ ದಾಟಿದ್ದವು. ಆ ಕಾಲರ್‌ಗಳ ದಾಖಲೆಯಲ್ಲಿ ನನಗೆ ಅತ್ಯಂತ ಪ್ರೀತಿಯ ಪುಟ ಇದು.

ಇನ್ನು ಎಣಿಕೆ. ಇಲ್ಲಿ ನಮ್ಮ ನಾಗರಹೊಳೆಗೆ ಒಂದು ನಂಟಿದೆ.

ಒಂದು ಕೆರೆಯಲ್ಲಿ ಎಷ್ಟು ಮೀನಿವೆ ಅಂತ ತಿಳಿಯಬೇಕು ಅಂದುಕೊಳ್ಳಿ. ಬಲೆ ಬೀಸಿ 50 ಹಿಡಿದಿರಿ, ರೆಕ್ಕೆಗೆ ಗುರುತು ಮಾಡಿ ಬಿಟ್ಟಿರಿ. ವಾರ ಬಿಟ್ಟು ಮತ್ತೆ 50 ಹಿಡಿದಿರಿ, ಅದರಲ್ಲಿ ಗುರುತು ಇದ್ದದ್ದು 10. ಅಂದರೆ ಐದಕ್ಕೆ ಒಂದು. ಮೊದಲು ಗುರುತು ಮಾಡಿದ 50 ಇಡೀ ಕೆರೆಯ ಐದನೇ ಒಂದು ಭಾಗ ಆಗಿರಬೇಕು, ಒಟ್ಟು ಸುಮಾರು 250. ಎಲ್ಲವನ್ನೂ ಎಣಿಸದೆ, ಕಾಣದೆ ಉಳಿದವನ್ನೂ ಲೆಕ್ಕಕ್ಕೆ ತರುವ ದಾರಿ ಇದು. ಹುಲಿಗೆ ಗುರುತು ಮಾಡುವುದೇ ಬೇಡ, ಪಟ್ಟೆಯೇ ಗುರುತು. ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಪ್ರಾಣಿ ಹಾದಾಗ ತಾನೇ ಫೋಟೋ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಕಟ್ಟಿ, ಪಟ್ಟೆ ನೋಡಿ, ಇದೇ ಲೆಕ್ಕ ಹಾಕಿ ತೋರಿಸಿದರು. 1995ರ ಅವರ ಪ್ರಬಂಧ ಜಗತ್ತಿನ ಎಷ್ಟೋ ಕಾಡುಗಳಿಗೆ ದಾರಿ ಮಾಡಿತು. ಹುಲಿ ಲೆಕ್ಕದಲ್ಲಿ ಅವರ ಜೊತೆ ಕೆಲಸ ಮಾಡಿದ ಅರ್ಜುನ್ ಗೋಪಾಲಸ್ವಾಮಿ ಆಮೇಲೆ ಕೀನ್ಯಾಕ್ಕೆ ಹೋಗಿ, ನಿಕೊಲಸ್ ಎಲಿಯಟ್ ಜೊತೆ ಮಸಾಯಿ ಮಾರಾದ ಸಿಂಹಗಳನ್ನು ಎಣಿಸಿದರು. ಪಟ್ಟೆಯ ಜಾಗದಲ್ಲಿ ಮೀಸೆ ಚುಕ್ಕೆ. ಗಾಡಿಯಲ್ಲಿ ಸುತ್ತಿ, ಕಂಡ ಪ್ರತಿ ಸಿಂಹದ ಫೋಟೋ ತೆಗೆದು, ಎಲ್ಲಿ ಕಂಡಿತು, ಮತ್ತೆ ಎಲ್ಲಿ ಕಂಡಿತು ಎಂದು ಬರೆದು ಲೆಕ್ಕ ಕಟ್ಟಿದರು. ಒಂದು ವರ್ಷ ದಾಟಿದ ಸಿಂಹಗಳು ಸುಮಾರು 420, ನೂರು ಚದರ ಕಿ.ಮೀ.ಗೆ ಹತ್ತಿರಹತ್ತಿರ 17. 2017ರಲ್ಲಿ ಇದು ಬಂತು. ಕಬಿನಿ ಹಿನ್ನೀರಿನ ಪಕ್ಕದ ಕಾಡಿನಲ್ಲಿ ಹುಲಿಗೆ ಮಾಡಿದ ಲೆಕ್ಕ ಮಾರಾ ನದಿಯ ದಂಡೆಯಲ್ಲಿ ಸಿಂಹಕ್ಕೆ ಕೂಡಿಬಂದದ್ದು ನಮಗೆ ಹೆಮ್ಮೆಯ ವಿಷಯ ಅಲ್ವಾ?

ಇಷ್ಟು ನಿಖರವಾಗಿ ಯಾಕೆ ಬೇಕು ಅಂದರೆ, 1994ರ ಸೆರೆಂಗೆಟಿ ನೋಡಿ. ನಾಯಿಗಳಿಗೆ ಬರುವ ಡಿಸ್ಟೆಂಪರ್ ಎಂಬ ವೈರಸ್ ರೋಗ ಸಿಂಹಗಳಿಗೆ ಹಬ್ಬಿ ಮೂರರಲ್ಲಿ ಒಂದು ಭಾಗ ಸತ್ತವು. ಹೆಸರು, ಕಾರ್ಡ್ ಎಲ್ಲ ಇದ್ದುದರಿಂದಲೇ ಎಷ್ಟು ಹೋದವು, ಎಷ್ಟು ಬೇಗ ಹೋದವು ಅಂತ ತಿಳಿಯಿತು. ಇಲ್ಲದಿದ್ದರೆ 'ಈ ವರ್ಷ ಸಿಂಹ ಕಡಿಮೆ ಕಾಣುತ್ತಿವೆ' ಅಂತ ಹೇಳಿ ಸುಮ್ಮನಾಗಬೇಕಿತ್ತು. ಆಫ್ರಿಕಾದಲ್ಲಿ ಈಗ ಉಳಿದಿರುವ ಸಿಂಹಗಳು ಸುಮಾರು 20ರಿಂದ 25 ಸಾವಿರ.

ಜಾಡು ಹಿಡಿಯುವ ಕೆಲಸ ವಿಜ್ಞಾನಿಗಳದ್ದೇ ಅಲ್ಲ. ಕೀನ್ಯಾದ ಅಂಬೋಸೆಲಿಯಲ್ಲಿ ಮಸಾಯಿ ಯುವಕರು ಹಿಂದೆ ಸಿಂಹ ಕೊಂದು ಹೆಸರು ಗಳಿಸುತ್ತಿದ್ದರು. ಕೊಂದವನಿಗೆ ಒಂದು ಸಿಂಹದ ಹೆಸರನ್ನೇ ಇಡುವ ವಾಡಿಕೆ ಇತ್ತು. 2007ರಲ್ಲಿ ಶುರುವಾದ ಲಯನ್ ಗಾರ್ಡಿಯನ್ಸ್ ಎಂಬ ಸಂಸ್ಥೆ ಇದೇ ಯುವಕರನ್ನು ಕಾವಲಿಗೆ ತೆಗೆದುಕೊಂಡಿತು. ಈಗ ಅವರು ಹೆಜ್ಜೆ ಗುರುತು ಹಿಡಿದು ಹೋಗುತ್ತಾರೆ, ಇವತ್ತು ಸಿಂಹ ಈ ಕಡೆ ಇದೆ, ದನ ಆ ಕಡೆ ಹೊಡೆಯಿರಿ ಅಂತ ಊರಿಗೆ ಹೇಳುತ್ತಾರೆ. ಸಿಂಹಗಳಿಗೆ ಅವರೇ ತಮ್ಮ ಮಾ ಭಾಷೆಯಲ್ಲಿ ಹೆಸರು ಇಡುತ್ತಾರೆ. ತಾನೇ ಹೆಸರಿಟ್ಟ ಸಿಂಹದ ಮೇಲೆ ಈಟಿ ಎತ್ತಲು ಕೈ ಬರುವುದಿಲ್ಲ.

ಕೊನೆಗೆ ಉಗಾಂಡದ ಇಬ್ಬರು ಸೋದರರ ವಿಷಯ. ಅಲ್ಲಿನ ಕ್ವೀನ್ ಎಲಿಜಬೆತ್ ಉದ್ಯಾನದಲ್ಲೂ ಮೀಸೆ ಚುಕ್ಕೆಯ ಎಣಿಕೆ ನಡೆದಿದೆ, ಅಲೆಕ್ಸ್ ಬ್ರಾಚ್ಕೌಸ್ಕಿ ಮುಂದಾಳು, ಅರ್ಜುನ್ ಗೋಪಾಲಸ್ವಾಮಿ ಅದರಲ್ಲೂ ಇದ್ದರು. ಅಲ್ಲಿ ವಿಷ ಸಿಂಹಗಳನ್ನು ತಿಂದುಹಾಕಿದೆ. 2018ರಲ್ಲಿ ಒಮ್ಮೆಗೇ 11, 2021ರಲ್ಲಿ 6. ಎಲ್ಲಾದರೂ ಹೆಣ್ಣು ಜಾಸ್ತಿ, ಗಂಡು ಕಡಿಮೆ ಇರಬೇಕು. ಇಲ್ಲಿ ತಲೆಕೆಳಗಾಗಿ ಗಂಡುಗಳೇ ಹೆಚ್ಚು ಉಳಿದಿವೆ.

ಆ ಗಂಡುಗಳಲ್ಲಿ ಜೇಕಬ್ ಮತ್ತು ಟಿಬು ಎಂಬ ಎರಡರ ಕೂಟ. ಜೇಕಬ್‌ಗೆ ಹತ್ತು ವರ್ಷ, ಕಳ್ಳಬೇಟೆಗಾರರು ಒಡ್ಡಿದ ಬಲೆಗೆ ಸಿಕ್ಕಿ ಒಂದು ಕಾಲು ಹೋಗಿತ್ತು. ಮೂರು ಕಾಲಿನ ಗಂಡು ಸಿಂಹ ಅಷ್ಟು ವರ್ಷ ಬದುಕಿದ್ದೇ ಪಕ್ಕದಲ್ಲಿ ಟಿಬು ಇದ್ದದ್ದರಿಂದ ಅಂತ ನಾನು ನಂಬಿದ್ದೇನೆ. 2024ರ ಫೆಬ್ರವರಿ 1ರ ರಾತ್ರಿ ಎರಡೂ ಕಜಿಂಗಾ ಕಾಲುವೆಯ ದಂಡೆಗೆ ಬಂದವು. ಸ್ವಲ್ಪ ಹೊತ್ತಿಗೆ ಮುಂಚೆ ಬೇರೆ ಗಂಡುಗಳ ಜೊತೆ ಕಾದಾಡಿ ಸೋತಿದ್ದವು. ಹೆಣ್ಣುಗಳ ಆಸೆ ಆಚೆ ದಡದಲ್ಲಿ. ದಾಟಲು ಇರುವ ಸೇತುವೆಯ ಮೇಲೆ ಮನುಷ್ಯರ ಓಡಾಟ. ನೀರಲ್ಲಿ ನೀರಾನೆ, ಮೊಸಳೆ.

ಮೇಲೆ ಶಾಖವನ್ನು ಕಾಣಬಲ್ಲ ಕ್ಯಾಮೆರಾ ಹೊತ್ತ ಡ್ರೋನ್ ಹಾರುತ್ತಿತ್ತು. ಆ ವಿಡಿಯೋದಲ್ಲಿ ಎರಡು ಬಿಳಿ ಚುಕ್ಕೆಗಳು ಕಪ್ಪು ನೀರಿಗೆ ಇಳಿಯುತ್ತವೆ. ಸ್ವಲ್ಪ ದೂರ ಹೋಗಿ ತಿರುಗಿ ಬರುತ್ತವೆ. ಮತ್ತೆ ಇಳಿಯುತ್ತವೆ, ಮತ್ತೆ ತಿರುಗುತ್ತವೆ. ಮೂರು ಸಲ ಹೀಗಾಯಿತು. ನಾಲ್ಕನೆಯ ಸಲ ಚುಕ್ಕೆಗಳು ನಿಲ್ಲಲಿಲ್ಲ. ಒಂದು ಕಿ.ಮೀ.ಗಿಂತ ಹೆಚ್ಚು ದೂರ, ಒಂದರ ಹಿಂದೆ ಒಂದು, ಒಂದೇ ಗತಿಯಲ್ಲಿ ಈಜಿ ಎರಡೂ ಆಚೆ ದಡ ಹತ್ತಿದವು.